ಸಜ್ಜಿ ರೊಟ್ಟಿ ನಮ್ಮದಾದರೆ ಸುಟ್ಟ ಮೀನು ಯಾರದು?

ಕಲಬುರಗಿಯಲ್ಲಿ ಬಾಡಿಗೆ ಖೋಲಿ ಹುಡುಕುವ ವಿದ್ಯಾರ್ಥಿಯ ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ‘ನಿಮ್ದು ಊಟ ಯಾವ್ದ್ರಿ?’ ಎಂದು ಕೇಳುತ್ತಾರೆ. ಉತ್ತರದಲ್ಲಿ ಎಲ್ಲವೂ ತಿಳಿದುಬಿಡುತ್ತದೆ. ಸಂಶೋಧನೆಗೆಂದು ಕಮಲಾಪುರದಿಂದ ಈ ಊರಿಗೆ ಬಂದ ಮೇಲೆ ನಾನು ಬಿಟ್ಟ ಎರಡು ಖೋಲಿಗಳಿಗೂ ಕಾರಣ ಒಂದೇ, ಮೀನಿನ ವಾಸನೆ. ಈಗಿರುವ ಮೂರನೆಯ ಖೋಲಿಯ ಮಾಳಿಗೆಯ ಮೇಲೆ ನಾನು ಪಶ್ಚಿಮ ಆಫ್ರಿಕಾದ ಪದ್ಧತಿಯಲ್ಲಿ ಮೀನು ಸುಡುತ್ತೇನೆ. ಅದಕ್ಕೂ ಎರಡು ತಕರಾರುಗಳಿವೆ. ಮನೆ ಮಾಲೀಕರ ಕಡೆಯಿಂದ ಬರುವುದು ‘ವಾಸನೆ’. ಸಾಹಿತ್ಯ ಓದಿಕೊಂಡ ಗೆಳೆಯರ ಕಡೆಯಿಂದ ಬರುವುದು ‘ಅದು ನಮ್ಮ ಊಟ ಅಲ್ಲ’. ಎರಡನೆಯದು ಹೆಚ್ಚು ಸಭ್ಯವಾಗಿ ಕೇಳಿಸುತ್ತದೆ. ಆದರೆ ಎರಡೂ ಒಂದೇ ಗಿಡದ ಕಾಯಿಗಳು ಎಂಬುದು ನನ್ನ ವಾದ.

ಮೊದಲು ಊಟದ ವಿಷಯ. ಕ್ಯಾಮರೂನಿನ ದುವಾಲಾದಿಂದ ಐವರಿ ಕೋಸ್ಟಿನ ಅಬಿಜಾನ್‌ವರೆಗೆ ಸಂಜೆಯಾದರೆ ರಸ್ತೆ ಬದಿಯಲ್ಲಿ ಇದ್ದಲಿ ಕೆಂಡದ ಮೇಲೆ ಇಡೀ ಮೀನು ಸುಡುತ್ತಾರೆ. ಸುಡುವವರಲ್ಲಿ ಹೆಂಗಸರೇ ಹೆಚ್ಚು. ಫ್ರೆಂಚ್ ಮಾತಾಡುವ ದೇಶಗಳಲ್ಲಿ ಇದರ ಹೆಸರು ಪುವಾಸೋಂ ಬ್ರೇಝೆ. ಘಾನಾದಲ್ಲಿ ಹೀಗೆ ಸುಟ್ಟ ಟಿಲಾಪಿಯಾವನ್ನು ಹುಳಿ ಬರಿಸಿದ ಜೋಳದ ಹಿಟ್ಟಿನ ಬಾಂಕು ಎಂಬ ಮುದ್ದೆಯ ಜೊತೆ ತಿನ್ನುತ್ತಾರೆ. ಅಲ್ಲಿ ಹಾಕುವುದು ಮೆಕ್ಕೆಜೋಳ ಎನ್ನುವುದಷ್ಟೇ ವ್ಯತ್ಯಾಸ. ಅಬಿಜಾನ್‌ನಲ್ಲಿ ಅದೇ ಮೀನಿನ ಪಕ್ಕಕ್ಕೆ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಹೋಳು ಬರುತ್ತದೆ.

ಮಾಡುವುದು ಕಷ್ಟವಲ್ಲ. ಮುಕ್ಕಾಲು ಕಿಲೋ ತೂಗುವ ಇಡೀ ಮೀನನ್ನು ಉಪ್ಪು, ನಿಂಬೆರಸ ಹಚ್ಚಿ ತೊಳೆದು, ಎರಡೂ ಬದಿ ಮೂರು ಮೂರು ಓರೆ ಗೀರು ಹಾಕಬೇಕು. ಒಂದು ಉಳ್ಳಾಗಡ್ಡಿ, ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಖಾರ ತಡೆಯುವಷ್ಟು ಹಸಿಮೆಣಸಿನಕಾಯಿ, ಒಂದು ಚಮಚ ಬಿಳಿ ಮೆಣಸಿನ ಪುಡಿ, ಒಂದು ಹಿಡಿ ಕೊತ್ತಂಬರಿ ಇಷ್ಟನ್ನು ಶೇಂಗಾ ಎಣ್ಣೆಯಲ್ಲಿ ರುಬ್ಬಿ ಗೀರಿನೊಳಗೂ ಹೊಟ್ಟೆಯೊಳಗೂ ತುಂಬಿ ಅರ್ಧ ತಾಸು ಬಿಡಬೇಕು. ಕ್ಯಾಮರೂನಿನವರು ನ್ಜನ್ಸಾ ಎಂಬ ಬೀಜ ಹಾಕುತ್ತಾರೆ. ಅದು ಇಲ್ಲಿ ಸಿಗದು. ನಾನು ಹುರಿದ ಶೇಂಗಾ ಪುಡಿ ಹಾಕುತ್ತೇನೆ. ರುಚಿ ಅದೇ ಅಲ್ಲ, ಆದರೆ ಕೆಟ್ಟದ್ದೂ ಅಲ್ಲ. ಜಾಲರಿಗೆ ಎಣ್ಣೆ ಸವರಿ, ಉರಿ ಆರಿ ಕೆಂಡ ಬೂದಿ ಹೊದ್ದ ಮೇಲೆ ಒಂದೊಂದು ಬದಿಗೆ ಹತ್ತು ನಿಮಿಷ ಸುಡಬೇಕು. ಉರಿಯಿದ್ದಾಗಲೇ ಇಟ್ಟರೆ ಚರ್ಮ ಕರಿದಾಗುತ್ತದೆ, ಒಳಗೆ ಹಸಿಯಾಗಿ ಉಳಿಯುತ್ತದೆ. ಊರಿಗೆ ಹೋದಾಗ ತೊಗರಿ ಕಟ್ಟಿಗೆಯ ಕೆಂಡದ ಮೇಲೆ ಮಾಡುತ್ತೇನೆ. ಜಾಲರಿ ಇಲ್ಲದಿದ್ದರೆ ಬಾಳೆ ಎಲೆಯಲ್ಲಿ ಸುತ್ತಿ ಹಂಚಿನ ಮೇಲಿಟ್ಟರೂ ಆದೀತು. ಕೆಂಬಾಳೆಗೆ ಭೌಗೋಳಿಕ ಸೂಚಿಕೆ ಪಡೆದ ಕಮಲಾಪುರದಲ್ಲಿ ಎಲೆಗೇನು ಬರ?

ಇನ್ನು ‘ನಮ್ಮದಲ್ಲ’ ಎಂಬ ಮಾತು. ಎಳ್ಳಮವಾಸ್ಯೆಯ ದಿನ ನಮ್ಮ ಸೀಮೆಯ ಹೊಲಗಳಲ್ಲಿ ಚರಗ ಚೆಲ್ಲುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇರಲೇಬೇಕು. ಇದಕ್ಕಿಂತ ‘ನಮ್ಮದು’ ಇನ್ಯಾವುದಿದೆ? ಆದರೆ ಸಜ್ಜೆಯನ್ನು ಕಾಡು ಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಪಶ್ಚಿಮ ಆಫ್ರಿಕಾದ ರೈತರು. ಸುಮಾರು 4,500 ವರ್ಷ ಹಳೆಯ ಪಳಗಿದ ಸಜ್ಜೆಯ ಕುರುಹುಗಳು ಇಂದಿನ ಮಾಲಿ ದೇಶದಲ್ಲಿ ಸಿಕ್ಕಿವೆ. ಜೋಳ ಸುಡಾನ್ ಸೀಮೆಯದು. ಅಲಸಂದಿ ಮತ್ತೆ ಪಶ್ಚಿಮ ಆಫ್ರಿಕಾದ್ದು. ಸಾರಿಗೆ ಹಿಂಡುವ ಹುಣಸೆಯೂ ಆಫ್ರಿಕಾದ ಮರ. ಪುಂಡಿಯ ಬಳಗದ ಗಿಡದ ಕೆಂಪು ಹೂಬಟ್ಟಲನ್ನು ಕುದಿಸಿ ಸೆನೆಗಲ್‌ನವರು ಬಿಸಾಪ್ ಎಂಬ ಪಾನಕ ಮಾಡುತ್ತಾರೆ. ನಾವು ಆ ಬಳಗದ ಸೊಪ್ಪನ್ನು ಪಲ್ಯ ಮಾಡಿ, ಅದಿಲ್ಲದೆ ಕಲಬುರಗಿ ಊಟವೇ ಅಲ್ಲ ಎನ್ನುತ್ತೇವೆ. ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಆಫ್ರಿಕಾದ ದಂಡೆಗೂ ನಮ್ಮ ದಂಡೆಗೂ ಬಂದಿಳಿದವು. ನೈಜೀರಿಯಾದ ಹೌಸಾ ಜನ ಶೇಂಗಾ ಹಿಂಡಿಗೆ ಖಾರ, ಶುಂಠಿ ಕುಟ್ಟಿ ಸೇರಿಸಿ ಸುಡುವ ಮಾಂಸಕ್ಕೆ ಹಚ್ಚುತ್ತಾರೆ. ಇದನ್ನು ಹೇಳಿದಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: ‘ಅವರೂ ಬಳ್ಳೊಳ್ಳಿ ಹಾಕ್ತಾರೇನು?’ ಸಂಶೋಧಕರಿಗಿಂತ ಅಡುಗೆ ಮಾಡುವವರು ನೆಂಟಸ್ತಿಕೆಯನ್ನು ಬೇಗ ಗುರುತಿಸುತ್ತಾರೆ.

ಕೊಟ್ಟದ್ದೂ ಇದೆ. ಬಾಳೆ ಆಗ್ನೇಯ ಏಷ್ಯಾ ಕಡೆಯದು. ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಸೇರಿ, ಅಬಿಜಾನ್‌ನ ಮೀನಿನ ತಟ್ಟೆಯಲ್ಲಿ ಕುಳಿತಿದೆ. ಅಲ್ಲಿ ಯಾರೂ ಬಾಳೆಯನ್ನು ಪರದೇಶಿ ಎನ್ನುವುದಿಲ್ಲ. ಹೀಗಿರುವಾಗ ರೊಟ್ಟಿಯನ್ನು ನಮ್ಮದೆಂದು ಮೆರೆಸಿ, ಆ ರೊಟ್ಟಿಯ ತವರಿನ ಮೀನನ್ನು ಅನ್ಯವೆನ್ನುವುದು ಸಂಸ್ಕೃತಿಯ ರಕ್ಷಣೆಯಲ್ಲ, ಮರೆವು.

ವಾಸನೆಯ ಮಾತಿಗೆ ಬರೋಣ. ಮಧ್ಯಾಹ್ನ ಹನ್ನೊಂದಕ್ಕೆ ಯಾರ ಮನೆಯಲ್ಲಾದರೂ ಒಣಮೆಣಸಿನಕಾಯಿ ಹುರಿದರೆ ಇಡೀ ಓಣಿ ಕೆಮ್ಮುತ್ತದೆ. ಬೆಳ್ಳುಳ್ಳಿ ಒಗ್ಗರಣೆ ಮೂರನೆಯ ಮಹಡಿಗೂ ಮುಟ್ಟುತ್ತದೆ. ಅದಕ್ಕಾಗಿ ಖೋಲಿ ಖಾಲಿ ಮಾಡಿಸಿದ್ದನ್ನು ಕೇಳಿದ್ದೀರಾ? ಮೂಗಿಗೆ ಎರಡೂ ಘಾಟೇ. ಒಂದು ಘಾಟು ಮನೆತನ, ಇನ್ನೊಂದು ಘಾಟು ಮೈಲಿಗೆ ಎಂದು ಮೂಗಿಗೆ ಕಲಿಸಿದವರು ಯಾರು? ಮಾಲೀಕರು ತಮ್ಮ ಅಡುಗೆಮನೆಯಲ್ಲಿ ಏನು ಬೇಯಬೇಕೆಂದು ತೀರ್ಮಾನಿಸಲಿ, ಅದು ಅವರ ಹಕ್ಕು. ಆದರೆ ತಿಂಗಳು ತಿಂಗಳು ಬಾಡಿಗೆ ತೆಗೆದುಕೊಂಡ ಮೇಲೆ ನನ್ನ ಒಲೆ ಅವರದಲ್ಲ.

ಇದು ಬಾಡಿಗೆ ಖೋಲಿಯೊಳಗೇ ಮುಗಿಯುವ ಜಗಳವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಸರ್ಕಾರಿ ಶಾಲೆಗಳಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿತು. ಕಾರಣ ಇಲ್ಲಿನ ಮಕ್ಕಳ ಅಪೌಷ್ಟಿಕತೆ. ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರು ವಿರೋಧಿಸಿದರು. ಮಗುವಿನ ಹಸಿವಿಗಿಂತ ಪಕ್ಕದ ತಟ್ಟೆಯ ಮೊಟ್ಟೆ ದೊಡ್ಡ ಸಮಸ್ಯೆಯಾಯಿತು. ಯೋಜನೆ ಉಳಿಯಿತು, ಮರುವರ್ಷ ಉಳಿದ ಜಿಲ್ಲೆಗಳಿಗೂ ಹೋಯಿತು ಎಂಬುದು ಸಮಾಧಾನ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನದ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವೂ ನಿಷಿದ್ಧವೆಂದು ಬಂತು. ಬಾಡೂಟ ಬೇಕೆಂಬ ಕೂಗು ಎದ್ದಿತು. ಆ ಕೂಗನ್ನು ಕೇಳಿ ‘ಸಾಹಿತ್ಯಕ್ಕೂ ಬಾಡಿಗೂ ಏನು ಸಂಬಂಧ’ ಎಂದು ನಕ್ಕವರಲ್ಲಿ ನಮ್ಮ ಸಂಶೋಧಕ ಮಿತ್ರರೂ ಇದ್ದರು.

ಸಂಬಂಧವಿದೆ. ಪ್ರತಿ ವರ್ಷ ಜನವರಿ 21ರಂದು ಅಂಬಿಗರ ಚೌಡಯ್ಯನ ಜಯಂತಿ ಮಾಡುತ್ತೇವೆ. ಆತನ ನಿಷ್ಠುರ ಮಾತಿನ ಮೇಲೆ ಪ್ರಬಂಧ ಮಂಡಿಸುತ್ತೇವೆ. ಭೀಮಾ, ಕಾಗಿಣಾ ದಡದಲ್ಲಿ ಇಂದಿಗೂ ದೋಣಿ, ಬಲೆ ಹಿಡಿದ ಅಂಬಿಗ, ಕಬ್ಬಲಿಗರ ಮೀನು ಮಾತ್ರ ಸಮ್ಮೇಳನದ ಪೆಂಡಾಲಿಗೆ ಬರಕೂಡದು. ಉತ್ತರ ಕರ್ನಾಟಕದ ಊಟವೆಂದರೆ ರೊಟ್ಟಿ, ಎಣ್ಣೆಗಾಯಿ, ಹಿಂಡಿ, ಮೊಸರು ಎಂದು ಬರೆಯುವ ಲಲಿತ ಪ್ರಬಂಧಗಳನ್ನು ಲೆಕ್ಕ ಹಾಕಿ ನೋಡಿ. ಅವುಗಳಲ್ಲಿ ಹೊಳೆ ಹರಿಯುತ್ತದೆ, ಆದರೆ ಹೊಳೆಯಲ್ಲಿ ಮೀನಿಲ್ಲ.

ತಟ್ಟೆಯ ಈ ಗೆರೆ ಮನುಷ್ಯರ ಮೇಲೂ ಎಳೆಯಲ್ಪಡುತ್ತದೆ. 2016ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸುಡಾನಿನ ಒಬ್ಬಾತನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿ ಕಾರು ಸುಟ್ಟಿತು. ಆಫ್ರಿಕಾದವರೆಲ್ಲ ಒಬ್ಬರೇ ಎಂಬುದು ಆ ಗುಂಪಿನ ತರ್ಕ. ಆಫ್ರಿಕಾದ ಧಾನ್ಯ ನಮ್ಮ ಹಬ್ಬಕ್ಕೆ ಬೇಕು, ಆಫ್ರಿಕಾದ ಹುಡುಗಿ ನಮ್ಮ ಬೀದಿಗೆ ಬೇಡ. ಒಂದು ಮೀನು ಸುಟ್ಟು ಇದನ್ನು ಸರಿಪಡಿಸಬಹುದೆಂದು ನಾನು ಹೇಳುವುದಿಲ್ಲ. ಆದರೆ ಯಾರ ಊಟಕ್ಕೆ ಮೂಗು ಮುಚ್ಚುತ್ತೇವೋ ಅವರನ್ನು ನೆರೆಯವರಾಗಿ ನೋಡುವುದು ಕಷ್ಟ. ಅದನ್ನು ಊರೊಳಗಿನ ಜಾತಿಯೇ ನಮಗೆ ಕಲಿಸಿದೆ.

ಎಡಪಂಥೀಯ ಗೆಳೆಯರ ಪ್ರಶ್ನೆ ಬೇರೆ: ‘ಇಲ್ಲಿನ ಬಡವರ ಮೀನಿಗೇ ಜಾಗವಿಲ್ಲ, ನಿನಗ್ಯಾಕೆ ಯೂಟ್ಯೂಬ್ ಶೋಕಿ?’ ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಸರಳ. ಇದು ಹೋಟೆಲಿನ ಊಟವಲ್ಲ, ಬೀದಿಯ ಊಟ. ಬಿಳಿ ಮೆಣಸೊಂದನ್ನು ಬಿಟ್ಟರೆ ಬೇಕಾದದ್ದೆಲ್ಲ ನಮ್ಮ ಸಂತೆಯಲ್ಲಿ ಸಿಗುತ್ತದೆ. ಜಿಲೇಬಿ ಎಂದು ಕರೆಯುವ ಟಿಲಾಪಿಯಾ ಮೀನೇ ಆಫ್ರಿಕಾದಿಂದ ಬಂದದ್ದು. ಅದರ ಒಂದು ತಳಿಯನ್ನು 1952ರಲ್ಲಿ ಭಾರತಕ್ಕೆ ತಂದು ನೀರಿಗೆ ಬಿಟ್ಟರು. ಅದು ಹಲವೆಡೆ ಕೆರೆಗಳ ಮೂಲ ಮೀನುಗಳ ಜಾಗ ಕಸಿದದ್ದು ನಿಜ. ಹೊರಗಿನಿಂದ ಬಂದದ್ದೆಲ್ಲ ಒಳ್ಳೆಯದು ಎಂಬುದು ನನ್ನ ವಾದವಲ್ಲ. ಬಂದದ್ದನ್ನು ಅದು ಮಾಡುವ ಕೆಲಸದಿಂದ ಅಳೆಯಬೇಕು, ಹುಟ್ಟಿನಿಂದಲ್ಲ. ಕೆರೆಗೆ ಭಾರವಾದ ಮೀನು ತಟ್ಟೆಗೆ ಬಂದರೆ ಕೆರೆಗೂ ನಷ್ಟವಿಲ್ಲ. ಅದು ಸಿಗದ ದಿನ ಕಾಟ್ಲಾ, ರೋಹು ಸಾಕು.

ಹಾಗಾಗಿ ಓದುವ, ಬರೆಯುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ. ‘ನಮ್ಮ ಊಟ’ ಎಂದು ಬರೆಯುವ ಮೊದಲು ‘ನಮ್ಮ’ ಎಂಬಲ್ಲಿ ಯಾರಿದ್ದಾರೆ, ಯಾರನ್ನು ಬಿಟ್ಟಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಿ. ಮುಂದಿನ ಸಮ್ಮೇಳನದ ಊಟದ ಪಟ್ಟಿ ತಯಾರಾಗುವಾಗ ಹೊಳೆದಂಡೆಯವರನ್ನು ಕೇಳಿ ಎಂದು ಒತ್ತಾಯಿಸಿ. ನಿಮ್ಮ ಮನೆಯ ಮಾಳಿಗೆಯ ಖೋಲಿಗೆ ಓದುವ ಹುಡುಗನೋ ಹುಡುಗಿಯೋ ಬಂದರೆ, ಬಾಡಿಗೆ ಎಷ್ಟು, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿ, ಊಟ ಯಾವುದೆಂದು ಕೇಳಬೇಡಿ. ಮೀನು ಸುಟ್ಟ ವಾಸನೆ ಬಂದರೆ ಅರ್ಧ ತಾಸು ಕಿಟಕಿ ತೆರೆದಿಡಿ, ಹೋಗುತ್ತದೆ.