ಶೆಣೈಯವರ ಪ್ರಶ್ನೆಯೂ ಬಳ್ಳಾರಿಯ ಅದಿರೂ

1955ರಲ್ಲಿ, ಎರಡನೆಯ ಪಂಚವಾರ್ಷಿಕ ಯೋಜನೆಯ ರೂಪರೇಖೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಯ ಇತರ ಸದಸ್ಯರೆಲ್ಲರೂ ಸಮ್ಮತಿಯಿತ್ತಾಗ, ಕಾಸರಗೋಡು ಸೀಮೆಯ ಬೆಳ್ಳಿಕೋತಿನಲ್ಲಿ ಜನಿಸಿದ ಬಿ. ಆರ್. ಶೆಣೈಯವರೊಬ್ಬರೇ ಭಿನ್ನಮತದ ಟಿಪ್ಪಣಿಯನ್ನು ಬರೆದರು. ಅದರ ತಿರುಳು ಒಂದು ತರ್ಕಸಮಸ್ಯೆಯಂತಿದೆ: ದೇಶದ ಜನರು ಉಳಿಸಿದ್ದು ಇಷ್ಟೇ ಆಗಿರಲು, ಸರ್ಕಾರವು ನೋಟುಗಳನ್ನು ಸೃಷ್ಟಿಸಿ ಅದಕ್ಕೂ ಮಿಗಿಲಾಗಿ ಹೂಡಹೊರಟರೆ, ಆ ಹೆಚ್ಚಿನ ಉಕ್ಕೂ ಸಿಮೆಂಟೂ ದುಡಿಮೆಯೂ ಎಲ್ಲಿಂದ ಬಂದಾವು? ಪರದೇಶದ ಸಾಲ ದಾನಗಳು ದೊರೆಯದಿದ್ದರೆ, ಬೆಲೆಯೇರಿ ಬಡವನ ಊಟದಿಂದ ಬರಬೇಕು, ಇಲ್ಲವೇ ವಿದೇಶೀ ವಿನಿಮಯದ ಸಂಚಯವು ಕರಗಬೇಕು. 1957ರ ವೇಳೆಗೆ ವಿನಿಮಯದ ಬಿಕ್ಕಟ್ಟು ಬಂದೇ ಬಂದಿತು.

ಅಂತಹ ನಿಷ್ಠುರ ತರ್ಕವು ನಮ್ಮ ಬಳ್ಳಾರಿ ಜಿಲ್ಲೆಗೆ ಇಂದೂ ಬೇಕಾಗಿದೆ. ಕಂಟೋನ್ಮೆಂಟಿನ ರೈಲುನಿಲ್ದಾಣವನ್ನು ಹಾದುಹೋಗುವ ಅದಿರಿನ ಗಾಡಿಗಳನ್ನು ಕಂಡು, ಸಂಡೂರಿನ ಗುಡ್ಡಗಳ ದುರವಸ್ಥೆಗೆ ಸ್ವತಂತ್ರ ಮಾರುಕಟ್ಟೆಯೇ ಕಾರಣವೆಂದು ಹೇಳುವ ಸಜ್ಜನರುಂಟು. ಆದರೆ 2011ರ ಲೋಕಾಯುಕ್ತ ವರದಿಯು ತೋರಿಸಿದ್ದೇನು? ಗುತ್ತಿಗೆಯ ಎಲ್ಲೆಯನ್ನು ಮೀರಿದ ಅಗೆತ, ಪರವಾನಗಿಯಿಲ್ಲದ ಸಾಗಣೆ, ಅಧಿಕಾರಿಗಳ ಲಂಚ. ತನ್ನದೆಂಬುದಕ್ಕೂ ಪರರದೆಂಬುದಕ್ಕೂ ಎಲ್ಲೆಯೇ ಉಳಿಯದ ಕಡೆ ನಡೆಯುವುದು ವ್ಯಾಪಾರವಲ್ಲ, ಅಪಹರಣ. ಸ್ವಾತಂತ್ರ್ಯವನ್ನು ಪ್ರೀತಿಸುವವನೇ ಇಂತಹ ಅಪಹರಣವನ್ನು ಮೊದಲು ವಿರೋಧಿಸತಕ್ಕವನು. ಅದೇ ವರ್ಷ ಸುಪ್ರೀಂ ಕೋರ್ಟು ಗಣಿಗಳನ್ನು ನಿಲ್ಲಿಸಿ, ಬಳಿಕ ಅದಿರನ್ನು ಇ-ಹರಾಜಿನಿಂದಲೇ ಮಾರಿಸಿತು. 2022ರಲ್ಲಿ ಆ ಕಟ್ಟನ್ನು ಸಡಿಲಿಸಿತು. ಇನ್ನು ಹೊಣೆಯು ಸರ್ಕಾರದ್ದು: ಪ್ರತಿಯೊಂದು ಗುತ್ತಿಗೆಯ ಗಡಿಯ ನಕ್ಷೆಯನ್ನೂ ಅದಿರು ಮಾರಾಟವಾದ ದರವನ್ನೂ ಆಯಾ ಗ್ರಾಮಪಂಚಾಯಿತಿಯ ಗೋಡೆಯ ಮೇಲೆ, ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟಿಸಲಿ.