ಗಂಟೆಯ ಸದ್ದು ಅಡಗದಿದ್ದರೆ?
ಗಾಳಿಯಿಲ್ಲದೆಡೆ ಶಬ್ದ ಸಾಗದು ಎಂದು ತೋರಿಸಲು ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆಯಿಟ್ಟು ಗಾಳಿ ತೆಗೆಯುತ್ತಾರೆ. ಪಂಪು ನಡೆದರೂ ಸದ್ದು ಕುಗ್ಗದಿದ್ದರೆ? ಹೊಸ ಪಂಪಿಗೆ ದುಡ್ಡು ಹುಡುಕುವ ಮುನ್ನ ಜಾಡಿಯ ಅಂಚು ನೋಡಿ. ನವಲಗುಂದ, ಅಣ್ಣಿಗೇರಿ ಸೀಮೆಯ ಎರಿಮಣ್ಣಿನ ಒಂದು ಕಣ, ಒಂದು ಕೂದಲೆಳೆ ಸಾಕು, ಗಾಳಿ ಒಳನುಸುಳಲು. ಅಂಚನ್ನು ಒರೆಸಿ ತೆಳ್ಳಗೆ ಗ್ರೀಸು ಸವರಬೇಕು. ಶಾಲೆಯ ಪ್ರಯೋಗಕ್ಕೆ ವ್ಯಾಸಲೀನೂ ನಡೆದೀತು. ಆದರೆ ಉನ್ನತ ನಿರ್ವಾತದಲ್ಲಿ ಸಾಧಾರಣ ಗ್ರೀಸೇ ಆವಿಯಾಗಿ, ಖಾಲಿ ಮಾಡಿದ ಜಾಗವನ್ನು ಮತ್ತೆ ಕೆಡಿಸುತ್ತದೆ. 1928ರಲ್ಲಿ ಇಂಗ್ಲೆಂಡಿನ ಸಿ.ಆರ್. ಬರ್ಚ್ ಪೆಟ್ರೋಲಿಯಂ ಎಣ್ಣೆಯನ್ನು ನಿರ್ವಾತದಲ್ಲೇ ಭಟ್ಟಿ ಇಳಿಸಿ, ಬಹುತೇಕ ಆವಿಯಾಗದ ಅಂಶವನ್ನು ಬೇರ್ಪಡಿಸಿದರು. ಅದೇ 'ಎಪಿಯೆಝಾನ್', 'ಒತ್ತಡವಿಲ್ಲದ್ದು' ಎಂದರ್ಥ. ಪಾಲಕರೇ, ಪ್ರಯೋಗ ಕೆಟ್ಟಿತೆಂದು ಮಗಳು ಮುಖ ಸಣ್ಣ ಮಾಡಿಕೊಂಡು ಬಂದರೆ ಬೈಯಬೇಡಿ, 'ಅಂಚು ಒರಸಿದ್ದೇನವಾ?' ಎಂದು ಕೇಳಿ.