ಗೋಡೆ ಮೇಲಿನ ಗೆರೆ ಮತ್ತು ನಮ್ಮ ಬಂಟ್ವಾಳ ಪೇಟೆ

ಮೊನ್ನೆ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಉತ್ತರ ಕೊಡೋದು ಸ್ವಲ್ಪ ಕಷ್ಟ. ಅಪ್ಪನ ಮನೆ ಬೆಳ್ತಂಗಡಿ ಕಡೆ, ಅಜ್ಜಿ ಮನೆ ಬಂಟ್ವಾಳ ಪೇಟೆಯಲ್ಲಿ, ಇಂಜಿನಿಯರಿಂಗ್ ಓದಿದ್ದು ಮೂಡುಬಿದಿರೆ ಹತ್ತಿರ. ಈಗ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟಿಕೊಂಡು ಇದ್ದೇನೆ. ಆದ್ರೆ ಬಾಲ್ಯದ ರಜೆ ಎಲ್ಲ ಕಳೆದದ್ದು ಅಜ್ಜಿ ಮನೆಯಲ್ಲಿ. ಹಾಗಾಗಿ ಈ ಬರಹದ ಮಟ್ಟಿಗೆ ನನ್ನೂರು ಬಂಟ್ವಾಳ ಅಂತಲೇ ಇಟ್ಟುಕೊಳ್ಳಿ.

ಅಜ್ಜಿ ಮನೆಯ ಚಾವಡಿಯ ಗೋಡೆ ಮೇಲೆ ಒಂದು ಕಪ್ಪು ಗೆರೆ ಇತ್ತು. ಪಕ್ಕದಲ್ಲಿ ಅಜ್ಜನ ಅಕ್ಷರದಲ್ಲಿ '1974' ಅಂತ ಬರೆದಿತ್ತು, ಅಷ್ಟೇ. ಆ ವರ್ಷದ ಮಳೆಗಾಲದಲ್ಲಿ ನೇತ್ರಾವತಿ ಪೇಟೆಯೊಳಗೆ ನುಗ್ಗಿದಾಗ ನೀರು ನಿಂತದ್ದು ಅಲ್ಲಿಯ ತನಕ. ಚಿಕ್ಕವನಿದ್ದಾಗ ಪ್ರತೀ ರಜೆಯಲ್ಲೂ ಆ ಗೆರೆಗೆ ತಾಗಿ ನಿಂತು ನಾನು ಎಷ್ಟು ಉದ್ದ ಆಗಿದ್ದೇನೆ ಅಂತ ನೋಡ್ತಿದ್ದೆ. ಗೆರೆ ದಾಟಿದ ವರ್ಷ 'ಇನ್ನು ನಾನು ಮುಳುಗುವುದಿಲ್ಲ' ಅಂತ ಕುಣಿದಿದ್ದೆ!

ಈ ಸಲ ಹೋದಾಗ ಗೆರೆ ಇರಲಿಲ್ಲ. ಮಾವನ ಮಗಳ ಮದುವೆ ಅಂತ ಮನೆಗೆ ಪೇಂಟ್ ಹೊಡೆಸಿದ್ದರು. ಬೇರೆಯವರನ್ನು ಬೈಯುವ ಹಾಗೂ ಇಲ್ಲ. ಪೇಂಟಿಗೆ ಅರ್ಧ ದುಡ್ಡು ಕಳಿಸಿದ್ದು ನಾನೇ, ವಾಟ್ಸಾಪಲ್ಲಿ ಬಣ್ಣ ಆರಿಸಿದ್ದೂ ನಾನೇ. ಆ ಗೆರೆಯ ನೆನಪು ನಂಗೂ ಬರಲಿಲ್ಲ, ಮಾವನಿಗೂ ಬರಲಿಲ್ಲ.

"ಅಜ್ಜೀ, ಎಲ್ಲಿತ್ತು ಅದು?" ಅಂತ ಕೇಳಿದೆ. ಅಜ್ಜಿ ಎದ್ದು ಬಂದು ಗೋಡೆ ಮುಟ್ಟಿ "ಇಲ್ಲಿ" ಅಂದರು. ಒಂದು ಕ್ಷಣ ಬಿಟ್ಟು, "ಅಲ್ಲ, ಇಲ್ಲಿ" ಅಂತ ಇನ್ನೊಂದು ಕಡೆ ಕೈ ಇಟ್ಟರು. ಎರಡರ ನಡುವೆ ಒಂದು ಗೇಣು ವ್ಯತ್ಯಾಸ.

ಆ ಒಂದು ಗೇಣು ವ್ಯತ್ಯಾಸವೇ ಇದನ್ನು ಬರೆಯಲಿಕ್ಕೆ ಕಾರಣ.

ನಮ್ಮ ಕಡೆಯವರನ್ನು ಬಿಟ್ಟು ಬೇರೆಯವರಿಗೆ ಬಂಟ್ವಾಳ ಅಂದ್ರೆ ಗೊತ್ತಾಗೋದು ಕಮ್ಮಿ. ಬೆಂಗಳೂರು-ಮಂಗಳೂರು ಬಸ್ಸಿನಲ್ಲಿ ಬೆಳಗಿನ ಜಾವ ಕಂಡಕ್ಟರ್ "ಬೀಸಿರೋಡ್ ಬೀಸಿರೋಡ್" ಅಂತ ಕೂಗ್ತಾರಲ್ಲ, ಅದು ಗೊತ್ತಿರ್ತದೆ. ಬಿ.ಸಿ.ರೋಡ್ ಅಂದ್ರೆ ಬಂಟ್ವಾಳ ಕ್ರಾಸ್ ರೋಡ್. ಅಂದ್ರೆ ಬಂಟ್ವಾಳಕ್ಕೆ ತಿರುಗುವ ಜಾಗ. ಈಗ ತಾಲೂಕು ಕಚೇರಿ, ರೈಲ್ವೇ ಸ್ಟೇಷನ್, ಬಸ್ಸು, ದೊಡ್ಡ ಅಂಗಡಿ ಎಲ್ಲ ಅಲ್ಲೇ. ತಿರುವು ಊರಾಯಿತು, ಊರು ಒಳದಾರಿಯಾಯಿತು.

ಹಾಗಾದ್ರೆ ಮೊದಲು ಪೇಟೆ ಯಾಕೆ ಅಲ್ಲಿ ಇತ್ತು? ಉತ್ತರ ಹೊಳೆಯಲ್ಲಿದೆ. ಘಟ್ಟದ ಮೇಲಿಂದ ಚಾರ್ಮಾಡಿ ದಾರಿಯಲ್ಲಿ ಕಾಫಿ, ಬೇರೆ ಸರಕು ಎಲ್ಲ ಎತ್ತಿನ ಗಾಡಿಯಲ್ಲಿ ಬೆಳ್ತಂಗಡಿ ದಾಟಿ ಬಂಟ್ವಾಳಕ್ಕೆ ಬರ್ತಿತ್ತು. ಅಲ್ಲಿಂದ ಮುಂದೆ ದೋಣಿಯಲ್ಲಿ ಮಂಗಳೂರಿಗೆ. ವಾಪಸ್ ಬರುವಾಗ ಉಪ್ಪು, ಒಣಮೀನು. ಗಾಡಿ ನಿಲ್ಲುವ, ದೋಣಿ ಹೊರಡುವ ಜಾಗದಲ್ಲಿ ಅಂಗಡಿ ಸಾಲು ಹುಟ್ಟಿತು, ದೇವಸ್ಥಾನ, ಮಸೀದಿ, ಇಗರ್ಜಿ, ಶಾಲೆ ಎಲ್ಲ ಬಂತು. 1837ರಲ್ಲಿ ಸುಳ್ಯದ ಕಡೆಯಿಂದ ಬ್ರಿಟಿಷರ ವಿರುದ್ಧ ಎದ್ದ ರೈತರು ಮಂಗಳೂರಿಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದು ಈ ದಾರಿಯಾಗಿ. 'ನಾಗರಹಾವೆ' ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಆಮೇಲೆ ಸೇತುವೆ ಬಂತು, ಲಾರಿ ಬಂತು, ದೋಣಿ ಹೋಯಿತು. ಪೇಟೆಯನ್ನು ಬೆಳೆಸಿದ ಹೊಳೆ ವ್ಯಾಪಾರಕ್ಕೆ ಬೇಡವಾಯಿತು, ಆದ್ರೆ ಮಳೆಗಾಲದಲ್ಲಿ ಮನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ :-)

ತುಳುವಿನಲ್ಲಿ ನೆರೆಗೆ ಬೊಳ್ಳ ಅಂತಾರೆ. 1923ರಲ್ಲಿ ಬಂದದ್ದಕ್ಕೆ ಹಿರಿಯರು ಮಾರಿಬೊಳ್ಳ ಅಂತಲೇ ಹೇಳ್ತಿದ್ದರು. ಆಮೇಲಿನ ದೊಡ್ಡದು 1974. ಅಜ್ಜಿ ಆಗಷ್ಟೇ ಮದುವೆಯಾಗಿ ಬಂದು ಕೆಲವು ವರ್ಷ, ಕೈಯಲ್ಲಿ ಸಣ್ಣ ಮಗು (ಅದು ನನ್ನಮ್ಮ). ರಾತ್ರಿ ನೀರು ಮೆಟ್ಟಿಲೇರಿದಾಗ ಎಲ್ಲರೂ ಉಪ್ಪರಿಗೆ ಹತ್ತಿದರಂತೆ. ಬೆಳಗ್ಗೆ ಕಿಟಕಿಯ ಹತ್ತಿರಕ್ಕೇ ದೋಣಿ ತಂದು ಇಳಿಸಿಕೊಂಡು ಹೋದವರು ಹೊಯಿಗೆ ದೋಣಿಯ ಒಬ್ಬ ಬ್ಯಾರಿ. "ಮಗುವನ್ನು ಮೊದಲು ಕೊಡಿ ಅಕ್ಕಾ ಅಂದ್ರು. ಕೊಟ್ಟೆ. ಜಾತಿ ಕೇಳುವಷ್ಟು ಪುರುಸೊತ್ತು ಇರಲಿಲ್ಲ ಮಗಾ" ಅಂತ ಅಜ್ಜಿ ನಗ್ತಾರೆ. ಗುಡ್ಡೆಯ ಮೇಲಿನ ಒಂದು ಮನೆಯಲ್ಲಿ ಮೂರು ದಿನ ಎಲ್ಲ ಜಾತಿಯವರಿಗೂ ಒಂದೇ ಹಂಡೆಯ ಗಂಜಿ. ಇವತ್ತು ನಮ್ಮ ಜಿಲ್ಲೆಯ ಹೆಸರು ಯಾವ ಯಾವ ಕಾರಣಕ್ಕೆ ಪೇಪರಲ್ಲಿ ಬರ್ತದೆ ಅಂತ ನಿಮಗೂ ಗೊತ್ತು. ಈ ಕತೆ ಮಾತ್ರ ಯಾವ ಪೇಪರಲ್ಲೂ ಇಲ್ಲ. ಇರುವುದು ಅಜ್ಜಿಯ ತಲೆಯಲ್ಲಿ.

ಎರಡು ವರ್ಷದ ಹಿಂದೆ ಕಂಪೆನಿಯವರು ಆನ್‌ಸೈಟ್ ಅಂತ ನನ್ನನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಕಳಿಸಿದ್ದರು. ಒಂದು ಭಾನುವಾರ ಮಾಡಲಿಕ್ಕೆ ಏನೂ ಇಲ್ಲದೆ ರೈಲು ಹತ್ತಿ ವುಸ್ಟರ್ ಅನ್ನುವ ಊರಿಗೆ ಹೋದೆ. ಅಲ್ಲಿ ಸೆವರ್ನ್ ನದಿ ದಂಡೆಯಲ್ಲಿ, ದೊಡ್ಡ ಇಗರ್ಜಿಯ ಕೆಳಗೆ, ಹಳೇ ಕಲ್ಲಿನ ಹೆಬ್ಬಾಗಿಲು ಒಂದಿದೆ. ಅದರ ಗೋಡೆ ತುಂಬ ಗೆರೆಗಳು! ಒಂದೊಂದಕ್ಕೂ ಒಂದೊಂದು ಇಸವಿ. 1770, 1947, ಹೀಗೆ. ನೆರೆ ನೀರು ಯಾವ ವರ್ಷ ಎಲ್ಲಿಯ ತನಕ ಬಂದಿತ್ತು ಅಂತ ಕಲ್ಲಿನಲ್ಲಿ ಗುರುತು ಮಾಡಿಟ್ಟಿದ್ದಾರೆ. ನಮ್ಮ ಅಜ್ಜನ ಕೆಲಸವೇ, ಆದ್ರೆ ಉಳಿಯುವ ಹಾಗೆ ಮಾಡಿದ್ದು.

ಅದೇ ಹೊಳೆಯಲ್ಲಿ ಇನ್ನೂ ಕೆಳಗೆ ಅಪ್ಟನ್ ಅಂತ ಪುಟ್ಟ ಪೇಟೆ. ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಅದೂ ಒಂದು ಕಾಲದಲ್ಲಿ ದೋಣಿ ವ್ಯಾಪಾರದ ಊರು, ಅದಕ್ಕೂ ನೆರೆ ಅಂದ್ರೆ ಮಾಮೂಲಿ. ಹಳೇ ಇಗರ್ಜಿಯದ್ದು ಗೋಪುರ ಮಾತ್ರ ಉಳಿದಿದೆ, ನೋಡಲಿಕ್ಕೆ ಕಾಳುಮೆಣಸಿನ ಪುಡಿಯ ಡಬ್ಬದ ಹಾಗಿದೆ ಅಂತ 'ಪೆಪ್ಪರ್‌ಪಾಟ್' ಅಂತಾರೆ. ಅದರೊಳಗೆ ಊರಿನ ಇತಿಹಾಸದ ಪುಟ್ಟ ಕೇಂದ್ರ. 1651ರಲ್ಲಿ ಸೇತುವೆ ಹತ್ತಿರ ಕ್ರಾಮ್‌ವೆಲ್ ಕಡೆಯವರು ಯುದ್ಧ ಮಾಡಿದ್ದೂ ಅವರಿಗೆ ನೆನಪಿದೆ. ಬಂಟ್ವಾಳಕ್ಕಿಂತ ಎಷ್ಟೋ ಸಣ್ಣ ಊರು ಅದು. ಆದ್ರೂ ತಮ್ಮದೂ ಒಂದು ಇತಿಹಾಸ ಅಂತ ಅವರು ನಂಬಿದ್ದಾರೆ.

'ಅವರು ಜಾಣರು, ನಾವು ದಡ್ಡರು' ಅಂತ ಹೇಳಲಿಕ್ಕೆ ಹೊರಟಿದ್ದಲ್ಲ ನಾನು. ಜೋಪಾನ ಮಾಡುವುದರಲ್ಲಿ ನಮ್ಮ ಕಡೆಯವರದ್ದು ಎತ್ತಿದ ಕೈ. ಬಂಟ್ವಾಳದಿಂದ ಗಂಟೆಯೊಳಗೆ ಸಿಗುವ ಮೂಡುಬಿದಿರೆಯನ್ನೇ ನೋಡಿ. ಅಲ್ಲಿ ನಾಲ್ಕು ವರ್ಷ ಓದಿದ ನಾನು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದದ್ದು ಒಂದೇ ಸಲ, ಅದೂ ಗೆಳೆಯನ ಹೊಸ ಕ್ಯಾಮೆರಾ ಟೆಸ್ಟ್ ಮಾಡಲಿಕ್ಕೆ! ಆದ್ರೆ ಮೂಡುಬಿದಿರೆಯ ದೊಡ್ಡ ಆಸ್ತಿ ಕಂಬಗಳಲ್ಲ, ತಾಳೆಗರಿಗಳು ಅಂತ ಆಮೇಲೆ ಓದಿ ತಿಳಿದುಕೊಂಡೆ. ಜೈನರ ಷಟ್ಖಂಡಾಗಮಕ್ಕೆ 9ನೇ ಶತಮಾನದಲ್ಲಿ ವೀರಸೇನರು ಬರೆದ ಧವಲಾ ಟೀಕೆ ಬೇರೆ ಎಲ್ಲ ಕಡೆ ಕಳೆದುಹೋಗಿ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿತ್ತು, ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಯಾತ್ರಿಕರು ಅದಕ್ಕೆ ಕೈಮುಗಿದು ಹೋಗ್ತಿದ್ದರು. ಆಮೇಲೆ ಯಾರೋ ಕೂತು ಪ್ರತಿ ಮಾಡಿದರು, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿತು. ಇವತ್ತು ಜಗತ್ತಿನಲ್ಲಿ ಯಾರು ಬೇಕಾದ್ರೂ ಓದಬಹುದು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅಲ್ಲಿಯ ತನಕ ಅದಕ್ಕೆ ಬ್ಯಾಕಪ್ಪೇ ಇರಲಿಲ್ಲ. ಒಂದು ಬೆಂಕಿ ಆಕಸ್ಮಿಕ, ಒಂದು ಗೆದ್ದಲು ಸಾಕಿತ್ತು. ಉಳಿದದ್ದು ಕೈಮುಗಿದದ್ದರಿಂದ ಮಾತ್ರ ಅಲ್ಲ, ಪ್ರತಿ ಮಾಡಿದ್ದರಿಂದ.

ನನ್ನ ತಕರಾರು ಇಷ್ಟೇ. ಶಾಸ್ತ್ರಗ್ರಂಥಕ್ಕೆ, ಬಸದಿಗೆ, ಕೋಟೆಗೆ ಇಷ್ಟು ಮಾಡಿದ ನಾವು ಜನರ ಬದುಕಿಗೆ ಮಾಡಲಿಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಕೋಟೆ ಕಟ್ಟಿಸಿದ್ದು ನಮಗೆ ಗೊತ್ತು. ವೇಣೂರಲ್ಲಿ 1604ರಲ್ಲಿ ತಿಮ್ಮರಾಜ ಅಜಿಲ ಬಾಹುಬಲಿ ನಿಲ್ಲಿಸಿದ್ದೂ ಗೊತ್ತು. ಅದೇ ಚಾರ್ಮಾಡಿ ದಾರಿಯಲ್ಲಿ ಗಾಡಿ ಹೊಡೆದವರು ರಾತ್ರಿ ಎಲ್ಲಿ ತಂಗ್ತಿದ್ದರು? ಬಂಟ್ವಾಳದ ದೋಣಿಯವರಿಗೆ ಒಂದು ಟ್ರಿಪ್ಪಿಗೆ ಎಷ್ಟು ಸಿಗ್ತಿತ್ತು? ಹಳೇ ಬರಹ ಹುಡುಕಿದ್ರೆ 1800-01ರಲ್ಲಿ ಬಂದುಹೋದ ಬುಕನನ್ ಸಾಹೇಬನ ಪುಸ್ತಕವನ್ನೇ ತೆರೆಯಬೇಕು. ನಮ್ಮೂರಿನ ದಿನನಿತ್ಯದ ಬದುಕು ತಿಳಿಯಲಿಕ್ಕೆ ಸ್ಕಾಟ್ಲೆಂಡಿನವನ ಡೈರಿ! ಹಾಗಂತ ಕೆಲಸ ಮಾಡಿದವರು ಇಲ್ಲವೇ ಇಲ್ಲ ಅಂತಲ್ಲ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಪಾತ್ರೆ ಪಗಡಿ, ನೇಗಿಲು ನೊಗ ಎಲ್ಲ ಇದೆ. ಹೋಗದಿದ್ದರೆ ಒಮ್ಮೆ ಹೋಗಿ ಬನ್ನಿ. ಆದ್ರೆ ಮೂರು ತಾಲೂಕಿನ ನೆನಪನ್ನು ಒಬ್ಬರ ತಲೆ ಮೇಲೆ ಹೊರಿಸಿ ನಾವು ಆರಾಮಾಗಿ ಇರುವುದು ಸರಿಯಾ?

"ಇದೆಲ್ಲ ಎಂತಕ್ಕೆ ಮಾರಾಯ? ಮೊದಲು ರಸ್ತೆ ಗುಂಡಿ ಮುಚ್ಚಲಿ, ಇತಿಹಾಸ ಆಮೇಲೆ" ಅಂದರು ಮಾವ. ಮಾತು ಸುಳ್ಳಲ್ಲ. ಆದ್ರೆ 2019ರ ಆಗಸ್ಟಿನಲ್ಲಿ ಏನಾಯಿತು ಅಂತ ಮಾವನಿಗೇ ನೆನಪು ಮಾಡಿಕೊಟ್ಟೆ. ಬೆಳ್ತಂಗಡಿ ಕಡೆ ಗುಡ್ಡ ಜಾರಿತು, ಚಾರ್ಮಾಡಿ ರಸ್ತೆ ಬಂದ್ ಆಯಿತು. ಮೇಲೆ ಬಿದ್ದ ನೀರು ಕೆಳಗೆ ಬಂಟ್ವಾಳಕ್ಕೆ ಬರಲೇಬೇಕಲ್ಲ. ಟಿವಿಯಲ್ಲಿ ಅಪಾಯದ ಮಟ್ಟ ಎಂಟೂವರೆ ಮೀಟರ್, ನೀರು ಅದನ್ನು ದಾಟಿದೆ ಅಂತ ಬರ್ತಿತ್ತು. ಎಂಟೂವರೆ ಮೀಟರ್ ಅಂದ್ರೆ ನಮ್ಮ ಮನೆಯ ಲೆಕ್ಕದಲ್ಲಿ ಎಷ್ಟು? ಯಾರಿಗೂ ಗೊತ್ತಿಲ್ಲ! ಅಜ್ಜಿ ಅಂಗಳದ ನೀರು ನೋಡಿದರು, ಗೋಡೆಯ ಗೆರೆ ನೋಡಿದರು, "ಇನ್ನೂ ಎಪ್ಪತ್ನಾಲ್ಕರಷ್ಟು ಆಗಲಿಲ್ಲ. ಅಕ್ಕಿ ಡಬ್ಬ ಮಾತ್ರ ಉಪ್ಪರಿಗೆಗೆ ಹಾಕಿ" ಅಂದರು. ಮಾವ ಹಾಗೇ ಮಾಡಿದರು. ಇಡೀ ಮನೆಗೆ ಅರ್ಥ ಆದ ಮುನ್ಸೂಚನೆ ಅದೊಂದೇ.

ಈಗ ಹೊಳೆ ಬದಿಯ ಗದ್ದೆಗಳಿಗೆಲ್ಲ ಮಣ್ಣು ತುಂಬಿ ಸೈಟು ಮಾಡ್ತಿದ್ದಾರೆ. ತಗೊಳ್ಳುವವರಲ್ಲಿ ನಮ್ಮ ಹಾಗೆ ಹೊರಗೆ ದುಡಿಯುವವರೇ ಜಾಸ್ತಿ. ಆ ಜಾಗದಲ್ಲಿ 1974ರಲ್ಲಿ ಎಷ್ಟು ನೀರಿತ್ತು ಅಂತ ಮಾರುವವನು ಹೇಳುವುದಿಲ್ಲ. ಹೇಳಬಲ್ಲ ಹಿರಿಯರ ಹತ್ತಿರ ಯಾರೂ ಕೇಳುವುದಿಲ್ಲ. ಇತಿಹಾಸ ಅಂದ್ರೆ ಹೊತ್ತು ಹೋಗದವರ ಹವ್ಯಾಸ ಅಂತ ನಾನೂ ತಿಳಿದುಕೊಂಡಿದ್ದೆ. ಅಲ್ಲ ಸ್ವಾಮಿ, ಅದು ಡೇಟಾ. ಅಳಿಸಿದರೆ ರೀಸೈಕಲ್ ಬಿನ್ನಿನಲ್ಲೂ ಸಿಗದ ಡೇಟಾ.

ಹಾಗಾಗಿ ಎರಡು ಮಾತು. ಒಂದು ಪುರಸಭೆಗೆ. ಪೇಟೆಯ ನಾಲ್ಕು ಕಡೆ ನಾಲ್ಕು ಕಲ್ಲುಕಂಬ ನಿಲ್ಲಿಸಿ 1923, 1974, 2019ರ ನೀರು ಎಲ್ಲಿಯ ತನಕ ಬಂದಿತ್ತು ಅಂತ ಗೆರೆ ಕೊರೆಸಿ. ಒಂದು ಸ್ವಾಗತ ಕಮಾನಿನಷ್ಟೂ ಖರ್ಚಾಗಲಿಕ್ಕಿಲ್ಲ. ಕಂಡ ಹಿರಿಯರು ಇರುವಾಗಲೇ ಮಾಡಬೇಕು. ಇನ್ನೊಂದು ನನ್ನಂಥವರಿಗೆ. ಊರಿಗೆ ಹೋದಾಗ ಮೊಬೈಲಲ್ಲಿ ಕೋರಿರೊಟ್ಟಿಯ ಫೋಟೋ ತೆಗೀತೀವಲ್ಲ, ಅದರ ಜೊತೆಗೆ ಅರ್ಧ ಗಂಟೆ ಅಜ್ಜನದ್ದೋ ಅಜ್ಜಿಯದ್ದೋ ಮಾತು ರೆಕಾರ್ಡ್ ಮಾಡಿ. ದಿನಾಂಕ ಹಾಕಿ. ಎರಡು ಕಡೆ ಇಡಿ. ತಾಳೆಗರಿ ಕಾದವರು ಇದಕ್ಕಿಂತ ಎಷ್ಟೋ ಕಷ್ಟಪಟ್ಟಿದ್ದಾರೆ.

ನಾನು ಮಾಡಿದ್ದು ಏನು ಅಂತೀರಾ? ಹೊರಡುವ ಹಿಂದಿನ ದಿನ ಅಜ್ಜಿಯನ್ನು ಮತ್ತೆ ಗೋಡೆಯ ಹತ್ತಿರ ನಿಲ್ಲಿಸಿದೆ. ಅಮ್ಮನಿಗೆ ಫೋನ್ ಮಾಡಿದೆ, ಪಕ್ಕದ ಮನೆಯ ಅಜ್ಜನನ್ನೂ ಕರೆದೆ. ಹಳೇ ಫೋಟೋ ಹುಡುಕಿದೆ. ಒಂದರಲ್ಲಿ ನಾನು ಗೆರೆಗೆ ತಾಗಿ ನಿಂತಿದ್ದೇನೆ, ಗೆರೆ ನನ್ನ ಕಿವಿಯ ಹತ್ತಿರ. ಆದ್ರೆ ಆಗ ನಾನೆಷ್ಟು ಉದ್ದ ಇದ್ದೆ ಅಂತ ಯಾರೂ ಬರೆದಿಟ್ಟಿಲ್ಲ! ಕೊನೆಗೆ ಅಜ್ಜಿ ತೋರಿಸಿದ ಎರಡು ಜಾಗದಲ್ಲೂ ಪೆನ್ಸಿಲಲ್ಲಿ ಗೆರೆ ಎಳೆದು, ನಡುವೆ '1974, ಅಂದಾಜು' ಅಂತ ಬರೆದೆ. ಹೊಸ ಪೇಂಟ್ ಹಾಳು ಮಾಡಿದೆ ಅಂತ ಮಾವನಿಗೆ ಸ್ವಲ್ಪ ಸಿಟ್ಟು.

ನಿಮ್ಮ ಮನೆಯಲ್ಲೂ ಇಂಥ ಗೆರೆ ಇದ್ದರೆ ಪೇಂಟ್ ಹೊಡೆಸುವ ಮೊದಲು ಒಂದು ಟೇಪ್ ಹಿಡಿದು ಅಳೆದಿಡಿ.